ಭಾವನ ಹಾಳೆಯ ಮೇಲಿನ ಮಸಿ

ನನ್ನ ಭಾವನ ಹಾಳೆಯನ್ನು ಕೊಳಕು ಎಂದ ಡಾಕ್ಟರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಡಾಕ್ಟರೆಂದರೆ ಮದ್ದು ಕೊಡುವವರಲ್ಲ, ಪರಮಾಣು ಪ್ರಯೋಗಾಲಯದ ವಿಜ್ಞಾನಿ.

ಭಾವ, ಅಂದರೆ ಅಕ್ಕನ ಗಂಡ, ಅಲ್ಲಿ ಲೋಹದ ಹಾಳೆ ಮಾಡುತ್ತಿದ್ದರು. ಉಸಿರು ತಾಕಿದರೆ ಹರಿಯುವಷ್ಟು ತೆಳು. ಕೆಲಸದ ಹೊತ್ತಿನಲ್ಲಿ ಫ್ಯಾನ್ ಹಾಕುತ್ತಿರಲಿಲ್ಲ, ನನ್ನನ್ನಂತೂ ಒಳಗೇ ಬಿಡುತ್ತಿರಲಿಲ್ಲ. “ನೀನು ಬಾಗಿಲು ತೆಗೆಯೋ ರಭಸಕ್ಕೇ ಹರಿದುಹೋಗುತ್ತೆ, ಆಚೇನೇ ಇರಪ್ಪ.” ನಾನು ಅಲ್ಲೇ, ಗಾಳಿ ಹೀರಿ ತೆಗೆಯುವ ಪಂಪುಗಳ ಮೆಕ್ಯಾನಿಕ್; ಓದಿದ್ದು ಆರನೇ ಕ್ಲಾಸು.

ಆ ಹಾಳೆಗೆ ಭಾರದ ಅಯಾನುಗಳ ಕಿರಣ ಬಡಿಯುತ್ತದೆ. ಕಿರಣದ್ದೊಂದು, ಹಾಳೆಯದೊಂದು, ಎರಡು ಬೀಜಕೇಂದ್ರಗಳು ಬೆಸೆದು ಒಂದಾಗುತ್ತವೆ. ಹೊಸದು ಕೆಂಡದ ಹಾಗೆ ಕಾದಿರುತ್ತದೆ. ನ್ಯೂಟ್ರಾನುಗಳನ್ನು ಹೊರಗೆಸೆದು ತಣಿಯುತ್ತದೆ. ಎಷ್ಟು ಹೊರಬಿದ್ದವು ಎಂದು ಎಣಿಸುವುದೇ ಡಾಕ್ಟರ ಕೆಲಸ.

ಒಂದು ಸಲ ಅಂದಾಜು ಮೀರಿ ನ್ಯೂಟ್ರಾನು ಬಂದವು. ಡಾಕ್ಟರು ನೇರ ಭಾವನ ಕೋಣೆಗೆ ನುಗ್ಗಿದರು. ನಾನು ಬಾಗಿಲ ಹೊರಗೆ ಪೈಪು ಬಿಗಿಯುತ್ತಿದ್ದೆ.

“ಹಾಳೆ ಕೊಳಕಾಗಿದೆ ರೀ. ಇನ್ಮೇಲೆ ಹೊರಗಿಂದ ತರಿಸ್ತೀವಿ. ಈ ಕೋಣೆ ಮುಚ್ಚಿಸ್ತೀನಿ.”

ಆ ಕೋಣೆ ಬಿಟ್ಟರೆ ಭಾವನಿಗೆ ಬೇರೆ ಕೆಲಸ ಬಾರದು. ನನಗೆ ಪಿತ್ತ ನೆತ್ತಿಗೇರಿತು.

“ನಿಮ್ಮ ಕಣ್ಣೇ ಕೊಳಕಾಗಿರಬೇಕು ಸಾರ್, ತೊಳ್ಕೊಂಡು ಬನ್ನಿ!”

“ಯಾರೀ ಇವನು? ಇವತ್ತೇ ಇವನನ್ನ ಮನೆಗೆ ಕಳಿಸ್ತೀನಿ.”

ಭಾವ ಎದ್ದು ಕೈಮುಗಿದರು. “ನನ್ನ ಭಾಮೈದ ಸಾರ್. ಪಂಪಿಗೆಲ್ಲ ವಾಲ್ವ್ ಹಾಕ್ತಾನೆ, ತನ್ನ ಬಾಯಿಗೇ ಹಾಕ್ಕೊಂಡಿಲ್ಲ. ತಪ್ಪಾಯ್ತು, ಬಿಟ್ಬಿಡಿ.”

ತಮ್ಮನ್ನು ದೂರಿದವರ ಮುಂದೆಯೇ, ನನ್ನ ಪರವಾಗಿ. ಡಾಕ್ಟರು ಗೊಣಗುತ್ತ ಹೋದರು.

ಮಧ್ಯಾಹ್ನ ಡಾಕ್ಟರೇ, ಗಾಳಿ ತೆಗೆದು ಹಾಳೆ ಇಡುವ ಪೆಟ್ಟಿಗೆ ತೆರೆದು, ಕಿರಣ ಬಿದ್ದ ಹಾಳೆಯನ್ನು ಹೊರತೆಗೆದರು. ನಟ್ಟನಡುವೆ ಕರಿ ಚುಕ್ಕೆ. ಪಂಪಿನ ಮೇಲಿನ ಡಬ್ಬಿಗೆ ಆಗಾಗ ಮಂಜಿಗಿಂತ ತಣ್ಣನೆಯ ದ್ರವ ನೈಟ್ರೋಜನ್ ಸುರಿಯಬೇಕು. ಇಲ್ಲದಿದ್ದರೆ ಪಂಪಿನ ಎಣ್ಣೆ ಆವಿಯಾಗಿ ಬಂದು, ಕಿರಣ ಬಿದ್ದಲ್ಲಿ ಮಸಿ ಕಟ್ಟುತ್ತದೆ. ಆಮೇಲೆ ಕಿರಣ ಆ ಮಸಿಯ ಕಾರ್ಬನ್ ಜೊತೆಗೂ ಬೆಸೆದು ಬೇಡದ ನ್ಯೂಟ್ರಾನು ಉದುರಿಸುತ್ತದೆ. ಕಿರಣ ಓಡುವಾಗ ಸುರಿಯುವ ಸರದಿ ಡಾಕ್ಟರ ಗುಂಪಿನದು. ಗ್ರಾಫ್ ನೋಡುತ್ತ ವಾದಕ್ಕೆ ಬಿದ್ದು ಎಲ್ಲರೂ ಮರೆತಿದ್ದರು.

“ಎಣ್ಣೆ,” ಎಂದರು ಡಾಕ್ಟರು. “ಹೊಸ ಹಾಳೆ ಹಾಕಿ.” ಅಷ್ಟೇ. ಕೋಣೆ ಮುಚ್ಚುವ ಮಾತು ಮತ್ತೆ ಬರಲಿಲ್ಲ. ಭಾವ ನಿವೃತ್ತಿಯವರೆಗೂ ಅಲ್ಲೇ ಇದ್ದರು.

ಅಕ್ಕ ಆಗಾಗ ಚುಚ್ಚುತ್ತಿದ್ದಳು. “ನಿನಗೋಸ್ಕರ ಕೈಮುಗಿದ್ರಲ್ಲೋ, ಅವರ ಹತ್ರ ಒಂದು ಒಳ್ಳೇ ಮಾತಾಡೋಕೇನು ಧಾಡಿ?”

“ಮುಗೀರಿ ಅಂತ ನಾನು ಹೇಳಿದ್ನಾ?” ಎಂದು ನಾನು ರೇಗುತ್ತಿದ್ದೆ. ಭಾವ ಕೇಳಿಸಿಕೊಂಡೂ ಕೇಳಿಸದಂತೆ ಪೇಪರು ಮಗುಚುತ್ತಿದ್ದರು.

ಹೋದ ವರ್ಷ ಅವರು ತೀರಿಕೊಂಡರು. ಆ ಒಂದು ಒಳ್ಳೇ ಮಾತು ಬಾಕಿಯಾಗಿಯೇ ಉಳಿಯಿತು.