ರಸಮಟ್ಟ ಭಾವ ಮತ್ತು ವಾಲುವ ಹರಳು

ನಮ್ಮ ಭಾವನಿಗೆ, ಅಂದರೆ ಅಕ್ಕನ ಗಂಡನಿಗೆ, ನಾನಿಟ್ಟ ಹೆಸರು ರಸಮಟ್ಟ. ಗಾರೆಯವರು ಗೋಡೆ ಮೇಲಿಟ್ಟು ಮಟ್ಟ ನೋಡ್ತಾರಲ್ಲ, ಅದೇ. ಬಂದವರ ಚಪ್ಪಲಿ ಜೋಡಿ ನೆಟ್ಟಗೆ ಮಾಡಿದ ಮೇಲೇ ಈ ಮಹಾನುಭಾವರು "ಬನ್ನಿ" ಅನ್ನೋದು. ಅಕ್ಕ ಏನು ಕಮ್ಮಿಯೇ? ದಿನಾ ಬೇಕಂತಲೇ ಮದುವೆ ಫೋಟೋನ ಒಂಚೂರು ಸೊಟ್ಟ ಮಾಡಿಡ್ತಾಳೆ. ಭಾವ ಸಂಜೆ ಬಂದವರೇ ಅದನ್ನ ಸರಿಮಾಡಿ, ಯಾರ ಕೆಲಸ ಇದು ಅಂತ ಗದರ್ತಾರೆ. ನಂಗೇನು ಗೊತ್ತು ಅಂತಾಳೆ ಅಕ್ಕ. ಮೂವತ್ತು ವರ್ಷದಿಂದ ಇದೇ ಸಂಸಾರ.

ಕೆಲಸವೂ ಅವರಿಗೆ ತಕ್ಕದ್ದೇ. ನಾನು ಉಗ್ರಾಣ ನೋಡಿಕೊಳ್ಳೋ ಲ್ಯಾಬಿನಲ್ಲೇ ಭಾವ ಮೆಕ್ಯಾನಿಕ್. ಉಗುರಿನಷ್ಟು ತೆಳ್ಳಗಿನ ಉಕ್ಕಿನ ತಗಡಿನ ನಟ್ಟನಡುವೆ ಕೂದಲೆಳೆಯಂಥ ತೂತು ಕೊರೀಬೇಕು. ಅದರೊಳಗೊಂದು ಹರಳಿನ ಚೂರಿಟ್ಟು ಎರಡು ವಜ್ರಗಳ ನಡುವೆ ಹಿಂಡ್ತಾರೆ. ಭೂಮಿಯ ಹೊಟ್ಟೆಯೊಳಗಿನಷ್ಟು ಒತ್ತಡ ಬೀಳುತ್ತಂತೆ.

ಮೊನ್ನೆ ಹಾಗೆ ಹಿಂಡಿದಾಗ, ಎಲ್ಲ ಕಡೆಯೂ ಒಂದೇ ಸಮ ಇದ್ದ ಹರಳು ತಟ್ಟನೆ ಒಂದು ಕಡೆಗೆ ವಾಲಿಬಿಟ್ಟಿತು. ಪ್ರಯೋಗ ನಡೆಸೋ ಮೇಡಂ, ತೂತೇ ಸೊಟ್ಟಗಿದೆಯೇನೋ ಅಂದರು. ಅಷ್ಟೇ. ಭಾವನ ಮುಖ ಇಷ್ಟೇ ಇಷ್ಟಾಯಿತು. ವಯಸ್ಸು ಐವತ್ತೆಂಟು, ಇನ್ನು ಕೈ ಹೋಯಿತು ಅಂತ ತೀರ್ಮಾನ ಮಾಡಿಬಿಟ್ಟರು. ನಾಲ್ಕು ದಿನ ಊಟ ಅರ್ಧ, ಮಾತು ಅದರಲ್ಲೂ ಅರ್ಧ. ಫೋಟೋ ಕಡೆ ತಲೆ ಎತ್ತಿಯೂ ನೋಡಲಿಲ್ಲ. ಅಕ್ಕ ನನಗೆ ಫೋನ್ ಮಾಡಿ, ಸೊಟ್ಟ ಫೋಟೋ ಸೊಟ್ಟಗೇ ಇದೆ, ನಂಗೆ ಭಯ ಆಗ್ತಿದೆ ಅಂದಳು.

ಐದನೇ ದಿನ ಭಾವನೇ ಹೋಗಿ ಮೇಡಂ ಮುಂದೆ ನಿಂತರು. ತೂತಿನದೇ ತಪ್ಪಾದರೆ, ತಗಡನ್ನ ಕಾಲು ಸುತ್ತು ತಿರುಗಿಸಿದಾಗ ಹರಳು ವಾಲೋ ದಿಕ್ಕೂ ಅದರ ಜೊತೆ ತಿರುಗಬೇಕಲ್ಲ, ನೋಡೇ ಬಿಡೋಣ ಅಂದರು. ತಗಡಿಗೆ ಗುರುತು ಹಾಕಿ, ತಿರುಗಿಸಿ ತಿರುಗಿಸಿ, ಹೊಸ ಹೊಸ ಚೂರು ಇಟ್ಟು ಎಂಟು ಸಲ ಹಿಂಡಿದರು. ಹರಳು ಒಮ್ಮೆ ಗುರುತಿನ ಕಡೆ ವಾಲಿತು, ಎರಡು ಸಲ ಅದಕ್ಕೆ ಅಡ್ಡಡ್ಡ, ಆಮೇಲೆ ಇನ್ನೆಲ್ಲೋ. ತಗಡನ್ನ ಅದು ಕ್ಯಾರೇ ಅನ್ನಲಿಲ್ಲ.

"ನಿಮ್ಮ ಕೈ ನೆಟ್ಟಗಿದೆ," ಅಂದರು ಮೇಡಂ. "ಅಷ್ಟು ಒತ್ತಡದಲ್ಲಿ ಹರಳಿಗೆ ಸಮವಾಗಿ ಇರೋಕೇ ಆಗಲ್ಲ. ಎಲ್ಲ ದಿಕ್ಕೂ ಅದಕ್ಕೆ ಒಂದೇ, ಆದರೂ ಯಾವುದೋ ಒಂದು ಕಡೆ ವಾಲಲೇಬೇಕು. ನಾನು ಸುಮ್ಮನೆ ನಿಮ್ಮನ್ನ ಅಂದುಬಿಟ್ಟೆ."

ಭಾವ ಡ್ರಿಲ್ ಒರೆಸಿಟ್ಟು ನನ್ನ ಜೊತೆ ಮನೆಗೆ ಹೊರಟರು. ಬಾಗಿಲಲ್ಲಿ ನನ್ನ ಚಪ್ಪಲಿ ಸರಿಮಾಡಿದರು. ಒಳಗೆ ಹೋಗಿ ಫೋಟೋ ಮುಂದೆ ನಿಂತು, ಎರಡೂ ಕೈಯಿಂದ ಮೆತ್ತಗೆ ಅದನ್ನ ನೆಟ್ಟಗೆ ಮಾಡಿದರು.

"ಯಾರ ಕೆಲಸ ಇದು?"

ಅಡುಗೆಮನೆಯಿಂದ ಅಕ್ಕ ಓಡಿ ಬಂದಳು.

"ನಂದೇ ರೀ, ನಂದೇ," ಅಂದಳು. ಮೂವತ್ತು ವರ್ಷದಲ್ಲಿ ಮೊದಲ ಸಲ ಒಪ್ಪಿಕೊಂಡಳು, ಅದೂ ಕಣ್ಣೊರೆಸಿಕೊಳ್ಳುತ್ತಾ.