ಕಡೆಗೆ ಉಣ್ಣುವ ಸೊಸೆ

ಅಗರಖೇಡದ ವಿಜಯಶ್ರೀ ಬಡಿದ ರೊಟ್ಟಿಗೆ ಊರಲ್ಲಿ ಹೆಸರಿತ್ತು. ಎಲ್ಲರಿಗೂ ಬಡಿಸಿ ಕಡೆಗೆ ಉಣ್ಣುವ ಸೊಸೆ ಎಂದು ಅತ್ತೆ ಸುಮಿತ್ರಾಬಾಯಿ ಓಣಿ ತುಂಬ ಡಂಗುರ ಸಾರಿದ್ದರು. ಆ ಕಡೆಯ ಊಟವನ್ನು ಮಾತ್ರ ಕಂಡವರಿಲ್ಲ. ಕಾಣಲು ಊಟವಿದ್ದರೆ ತಾನೆ! ದಪ್ಪಗಾಗುವ ಅಂಜಿಕೆ ಅವಳಲ್ಲಿ ಮದುವೆಗೆ ಮುಂಚೆಯೇ ಹೊಕ್ಕಿತ್ತು. ತೋಟದ ನಿಂಬೆಹಣ್ಣು ಹಿಂಡಿದ ನೀರು, ಒಂದು ಚೂರು ರೊಟ್ಟಿ, ಅಷ್ಟರಲ್ಲೇ ದಿನ ಕಳೆಯುತ್ತಿತ್ತು. ಕುಬುಸ ಜೋತುಬಿತ್ತು, ಕೂದಲು ಉದುರಿತು. "ಭಾಳ ಉಪವಾಸದಾಕಿ" ಎಂದು ಓಣಿಯವರು ಕೈ ಮುಗಿದರು. ಕೈ ಮುಗಿಯಲು ನಮ್ಮ ಮಂದಿಗೆ ಯಾವಾಗಲೂ ಬಿಡುವಿರುತ್ತದೆ.

ಒಂದು ಮುಂಜಾನೆ ಒಲೆಯ ಮುಂದೆಯೇ ಕಣ್ಣಿಗೆ ಕತ್ತಲೆ ಬಂದು ಬಿದ್ದಳು. ಗಂಡ ಅನಿಲ ಇಂಡಿಯ ಆಸ್ಪತ್ರೆಗೆ ಒಯ್ದ. ಅಲ್ಲಿಯ ಡಾಕ್ಟರು ರಕ್ತ, ತೂಕ ನೋಡಿ, "ಇದು ಬರೇ ನಿಶ್ಶಕ್ತಿ ಅಲ್ಲರಿ, ಊಟಕ್ಕ ಅಂಜೋ ಬ್ಯಾನಿ. ಮನಸ್ಸಿಗೂ ಉಪಚಾರ ಬೇಕು" ಎಂದು ಸಿಂದಗಿಯ ಆಪ್ತಸಮಾಲೋಚಕಿ ಬುಶ್ರಾ ಅವರ ಬಳಿ ಕಳಿಸಿದರು. ಆಸ್ಪತ್ರೆಯಲ್ಲಿ ಮಲಗಬೇಕಿಲ್ಲ, ವಾರಕ್ಕೊಮ್ಮೆ ಬಸ್ಸು ಹತ್ತಿ ಹೋಗಿ, ತೂಕ ನೋಡಿಸಿ, ಮಾತಾಡಿ ಬರುವುದು.

ಬುಶ್ರಾ ಬೈಯಲಿಲ್ಲ, ಪುರಾಣ ಹೇಳಲಿಲ್ಲ. "ಉಣ್ಣಾಕ ಕುಂತಾಗ ಏನ್ ಅನಸ್ತೈತ್ರಿ?" ಎಂದರು. ಉಣ್ಣು ಎಂದವರು ಬಹಳ, ಹೀಗೆ ಕೇಳಿದವರು ಇವರೊಬ್ಬರೇ.

"ಒಂದು ತುತ್ತು ಹೆಚ್ಚಾದ್ರ ಎಲ್ಲಾ ಕೈ ಮೀರತೈತಿ ಅನಸ್ತೈತ್ರಿ," ಎಂದು ವಿಜಯಶ್ರೀ ಅತ್ತುಬಿಟ್ಟಳು.

ಚಳಿಗಾಲ ಕಳೆದು ಬೇಸಿಗೆ ಬಂತು. ಊಟ ತುಸು ಹೆಚ್ಚಿತು, ಕೆಲವು ವಾರ ಮತ್ತೆ ಜಾರಿತು. ಎಲ್ಲರದಾದ ಮೇಲೆ ಒಬ್ಬಳೇ ಉಣ್ಣಲು ಕೂತಳೆಂದರೆ ಹಳೆಯ ಚಾಳಿಯೇ. ಆಗ ಬುಶ್ರಾ ಅತ್ತೆಯನ್ನೂ ಕರೆಸಿದರು. "ಇನ್ನ ಮ್ಯಾಲೆ ಮೊದಲ ರೊಟ್ಟಿ ಇವರದು. ಎಲ್ಲಾರ ಮುಂದ ಕುಂತು ಉಣಬೇಕು."

ಸುಮಿತ್ರಾಬಾಯಿ ಹೌಹಾರಿದರು. ಗಂಡಸರು ಹಸಿದಿರುವಾಗ ಸೊಸೆ ಉಣ್ಣುವುದೇ? ಆದರೂ ಮರುದಿನ ತಾವೇ ಒಲೆಯ ಮುಂದೆ ಕೂತು, "ಕುಂದರವ್ವಾ" ಎಂದರು.

ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ. ವಿಜಯಶ್ರೀ ಒಂದು ಚೂರು ಮುರಿದಳು. ಅಷ್ಟರಲ್ಲಿ ಹೊಲದಿಂದ ಮಾವ ಗುರಪ್ಪ ಬಂದರು. ಅವಳು ಏಳಹೋದಳು.

"ಏಳಬ್ಯಾಡವ್ವಾ, ಉಣ್ಣು. ನಾ ಕಾಯ್ತೇನಿ," ಎಂದು ಅವರು ಕೈಕಾಲು ತೊಳೆದು ಗೋಡೆಗೆ ಒರಗಿದರು.

ಆ ಮನೆಯಲ್ಲಿ ಅವಳಿಗಾಗಿ ಯಾರೂ ಕಾದದ್ದಿರಲಿಲ್ಲ. ಸಿಂದಗಿಯ ಆ ಪುಣ್ಯಾತ್ಗಿತ್ತಿಯನ್ನು ಮನಸಾರೆ ನೆನೆದು ತುತ್ತು ಇಳಿಸಿದಳು. ರೊಟ್ಟಿ ಮುಗಿಯಿತು.

"ಅತ್ತಿ, ಇನ್ನರ್ಧ ಹಾಕ್ರಿ."

ಸುಮಿತ್ರಾಬಾಯಿ ಹಾಕಿದರು. ಸೊಸೆ ಅದನ್ನು ಉಣ್ಣುವುದನ್ನೇ ನೋಡುತ್ತ ಹಂಚಿನ ಮೇಲಿದ್ದ ಮುಂದಿನ ರೊಟ್ಟಿಯನ್ನು ಮರೆತೇಬಿಟ್ಟರು. ಅಂದು ಮಾವನಿಗೆ ಬಂದದ್ದು ಕರಕಲು ರೊಟ್ಟಿ. ಕಣ್ಣೊರೆಸಿಕೊಂಡು, ಒಂದು ಚೂರೂ ಬಿಡದೆ ಉಂಡರು.