ಅಜ್ಜಿಯ ಸೋಬಾನೆಗೆ ಕಾರಿನ ಫಿಲ್ಟರ್

ಇವತ್ತು ಅಜ್ಜಿ ಜೊತೆ ಹೊಸಕೋಟೆಗೆ ಹೋಗ್ತಾ ಕಾರಲ್ಲಿ ನಡೆದಿದ್ದು ಕೇಳಿ ಗೆಳೆಯರೇ. ಮೊನ್ನೆ ಅರಿಶಿನ ಶಾಸ್ತ್ರದಲ್ಲಿ ಅಜ್ಜಿ ಮತ್ತು ನಾವೆಲ್ಲ ಹಾಡಿದ ಸೋಬಾನೆ ಪದ ಫೋನಲ್ಲಿತ್ತು. ಅಜ್ಜಿಗೆ ಕೇಳಿಸೋಣ ಅಂತ ಹಾಕಿದೆ. ಆವತ್ತು ಹಿಂದೆ ಓಡ್ತಿದ್ದ ಜನರೇಟರ್ ಸದ್ದೂ ರೆಕಾರ್ಡ್ ಆಗಿತ್ತು, ಅದಕ್ಕೆ ಬಾಗಿಲಲ್ಲಿರೋ ಸ್ಪೀಕರ್‌ಗಳೆಲ್ಲ ಗುಂಯ್ ಅಂತ ಅದುರಿದವು. ಹಾಡು ಅದರಲ್ಲೇ ಮುಳುಗಿಹೋಯ್ತು.

ಅಜ್ಜಿ ಮುಖ ಬಾಡ್ತು. "ನನ್ ಗಂಟ್ಲು ಹೋಯ್ತು ಕಣಮ್ಮಾ. ಸಮೇತನಹಳ್ಳಿಯವ್ರು ಮದುವೇಲಿ ಹಾಡಾಕೆ ಕರ್ದವ್ರಲ್ಲ, ಹಾಡಾಕಿಲ್ಲ ಅಂತ ಹೇಳ್ಬಿಡು."

ನಂಗೆ ಚುರುಕ್ ಅಂತು. ಗಾಡಿ ಪಕ್ಕಕ್ಕೆ ನಿಲ್ಲಿಸಿ ಸ್ಟೀರಿಯೋ ಸೆಟ್ಟಿಂಗ್ ಕೆದಕಿದೆ. 'ಹೈ ಪಾಸ್ ಫಿಲ್ಟರ್' ಅಂತ ಒಂದಿತ್ತು. ದಪ್ಪ ಸದ್ದನ್ನ ಸ್ಪೀಕರ್‌ಗೆ ಹೋಗದ ಹಾಗೆ ತಡೆಯುತ್ತಂತೆ. ಆನ್ ಮಾಡಿ ಸ್ವಲ್ಪಸ್ವಲ್ಪವೇ ಏರಿಸ್ತಾ ಹೋದೆ. ಗುಂಯ್ ಅನ್ನೋದು ಇಳೀತು. ಅಜ್ಜಿ ದನಿ ಒಂದೊಂದು ಪದಾನೂ ಬಿಡಿಸಿ ಕೇಳಿಸ್ತು.

"ಇದು ನಾನೇನಾ?" ಅಂತ ಅಜ್ಜಿ ಕಣ್ಣೊರೆಸ್ಕೊಂಡ್ಳು. "ಬತ್ತೀನಿ, ಹಾಡ್ತೀನಿ ಅಂತ ಹೇಳು."

ಆಮೇಲೆ ಇನ್ನಷ್ಟು ಕಿವಿಗೊಟ್ಟು, "ಅಲ್ಲಾ, ಪಕ್ಕದಲ್ಲಿ ಯಾರೋ ರಾಗ ಕೆಡಿಸ್ತಾವ್ಳಲ್ಲ, ಅವಳ್ನ ತಡೆಯಾಕೆ ಏನೂ ಇಲ್ವಾ ಇದ್ರಲ್ಲಿ?" ಅಂದ್ಳು.

ಅದು ನಾನು. ಆ ಮದುವೇಲಿ ಅಕ್ಷತೆ ಹಾಕಿ ಸೀದಾ ಊಟಕ್ಕೆ ಕೂರೋದು ಅಂತ ತೀರ್ಮಾನ ಮಾಡಿದ್ದೀನಿ.